ಪಕ್ಕದ ಮನೆಗೆ ಕೊಟ್ಟ ಹನ್ನೆರಡು ಕುರ್ಚಿ

ಹೋದ ವರ್ಷ ಸೆಪ್ಟೆಂಬರ್‌ನ ಒಂದು ಗುರುವಾರ ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು. ಮಡಚುವ ಕುರ್ಚಿ ಇದ್ದರೆ ಒಂದು ರಾತ್ರಿಗೆ ಕೊಡ್ತೀರಾ ಅಂತ ಕೇಳಿದರು. ಗಣೇಶನ ಹಬ್ಬಕ್ಕೆಂದು ತಂದ ಹನ್ನೆರಡು ಕುರ್ಚಿ ನಮ್ಮ ಗ್ಯಾರೇಜಿನಲ್ಲಿದ್ದವು. ಕೊಟ್ಟೆ. ಎಷ್ಟು ಜನ ಬರ್ತಾರೆ ಅಂದರೆ, "ಸುಮಾರು ಐವತ್ತು ಹುಡುಗರು" ಅಂದರು. ಮಗನ ಹುಟ್ಟುಹಬ್ಬ ಇರಬೇಕು, ಇವತ್ತು ರಾತ್ರಿ ನಮಗೆ ನಿದ್ದೆ ಇಲ್ಲ ಅಂದುಕೊಂಡೆ.

ಸಂಜೆ ಹುಡುಗರು ಬಂದರು. ಒಬ್ಬೊಬ್ಬನೂ ಬಾಗಿಲಿನಷ್ಟು ಅಗಲ. ತಟ್ಟೆ ತುಂಬ ಪಾಸ್ತಾ, ಕೋಳಿ, ಬ್ರೆಡ್ಡು. ಊಟ ಮುಗಿಯುವವರೆಗೆ ಸಂತೆಯ ಗಲಾಟೆ. ಆಮೇಲೆ ಇದ್ದಕ್ಕಿದ್ದ ಹಾಗೆ ಸದ್ದೇ ಇಲ್ಲ. ಪೊಲೀಸರು ಬಂದರೋ ಏನೋ ಅಂತ ಅಡುಗೆಮನೆ ಕಿಟಕಿಯಿಂದ ಇಣುಕಿದೆ. ಇಣುಕಬಾರದು ನಿಜ, ಆದರೂ ಇಣುಕಿದೆ. ಒಬ್ಬ ಹುಡುಗ ಎದ್ದು ನಿಂತು ಅಂಗೈಯಗಲದ ಕಾರ್ಡಿನಿಂದ ಏನೋ ಓದುತ್ತಿದ್ದ. ಮಿಕ್ಕವರೆಲ್ಲ ಹುಲ್ಲಿನ ಮೇಲೆ, ನನ್ನ ಗಣೇಶನ ಕುರ್ಚಿಗಳ ಮೇಲೆ ಕೂತು ಕೇಳುತ್ತಿದ್ದರು. ಯಾರ ಕೈಯಲ್ಲೂ ಫೋನ್ ಇರಲಿಲ್ಲ.

ಆ ಹುಡುಗರು ಓದುವುದು ಡಿ ಲಾ ಸಾಲ್ ಹೈಸ್ಕೂಲಿನಲ್ಲಿ. ನಾವಿರುವುದು ಕ್ಯಾಲಿಫೋರ್ನಿಯಾದ ಕಾಂಕರ್ಡ್‌ನಲ್ಲಿ. ಬೇ ಏರಿಯಾ ಅಂದರೆ ಊರಲ್ಲಿ ಎಲ್ಲರೂ ಫ್ರೀಮಾಂಟ್, ಸನ್ನಿವೇಲ್ ಅಂತಲೇ ತಿಳಿಯುತ್ತಾರೆ. ಕಾಂಕರ್ಡ್ ಇರುವುದು ಬರ್ಕ್ಲಿ ಬೆಟ್ಟಗಳ ಈಚೆ, ಮೌಂಟ್ ಡಯಾಬ್ಲೊ ಬುಡದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ವೆಟರ್ ಹಾಕಿಕೊಂಡು ರೈಲು ಹತ್ತಿದವರು ಇಲ್ಲಿ ಇಳಿದರೆ ರಾಯಚೂರಿಗೆ ಬಂದ ಹಾಗೆ ಆಗುತ್ತದೆ. ಕನ್ನಡದವರು ಕಮ್ಮಿ. ಊರಿನ ಹೆಸರು ಅಮೆರಿಕದ ಬೇರೆ ಕಡೆ ಯಾರಿಗಾದರೂ ಗೊತ್ತಿದ್ದರೆ ಅದು ಜಾಸ್ತಿ ಈ ಶಾಲೆಯಿಂದಲೇ.

ಶಾಲೆ ಶುರುವಾದದ್ದು 1965ರಲ್ಲಿ. ಹುಡುಗರು ಮಾತ್ರ. ರಸ್ತೆ ದಾಟಿದರೆ ಕ್ಯಾರೊಂಡಲೆಟ್ ಅಂತ ಹುಡುಗಿಯರ ಕ್ಯಾಥೊಲಿಕ್ ಶಾಲೆ. ಶಾಲೆಗೆ ಹೆಸರು ಬಂದದ್ದು 1651ರಲ್ಲಿ ಫ್ರಾನ್ಸಿನ ರಾನ್ಸ್ ಪಟ್ಟಣದಲ್ಲಿ ಹುಟ್ಟಿದ ಒಬ್ಬ ಪಾದ್ರಿಯಿಂದ. ಅನುಕೂಲಸ್ಥರ ಮನೆಯ ಮಗ. ಇದ್ದದ್ದನ್ನು ಬಿಟ್ಟುಕೊಟ್ಟು ಬಡ ಮಕ್ಕಳಿಗೆ ಶಾಲೆ ಕಟ್ಟಲು ಹೊರಟರು. ಆಗ ಓದು ಅಂದರೆ ಲ್ಯಾಟಿನ್. ಇವರು ಮಕ್ಕಳಿಗೆ ಮನೆಯಲ್ಲಿ ಆಡುವ ಫ್ರೆಂಚ್‌ನಲ್ಲೇ ಓದು ಕಲಿಸಿದರು. ಇದನ್ನು ತಿಳಿದಾಗ ನನಗೆ ನಗು ಬಂತು. ನಮ್ಮಲ್ಲಿ ಮಕ್ಕಳನ್ನು ಕನ್ನಡದಿಂದ ತಪ್ಪಿಸೋಕೆ ತಾನೇ ಕಾನ್ವೆಂಟಿಗೆ ಹಾಕುವುದು? ಹಾಸನದಲ್ಲಿ ನನ್ನನ್ನೂ ಹಾಗೇ ಹಾಕಿದ್ದರು. ಕಾನ್ವೆಂಟ್ ಅಂದರೆ ಇಂಗ್ಲಿಷು, ಪಾಲಿಶ್ ಮಾಡಿದ ಶೂ, ಎರಡು ಜಡೆಗೆ ರಿಬ್ಬನ್ನು. ಇಲ್ಲಿ ಇಂಗ್ಲಿಷಿಗಾಗಿ ಯಾರೂ ದುಡ್ಡು ಕೊಡಬೇಕಾಗಿಲ್ಲವಲ್ಲ, ಹಾಗಾದರೆ ಇವರೆಲ್ಲ ಯಾಕೆ ಕೊಡುತ್ತಾರೆ ಅನ್ನುವುದೇ ನನ್ನ ಕುತೂಹಲ.

ದುಡ್ಡೇನೂ ಸಣ್ಣದಲ್ಲ. ವರ್ಷಕ್ಕೆ ಇಪ್ಪತ್ತು ಸಾವಿರ ಡಾಲರ್ ದಾಟುತ್ತದೆ. ನಮ್ಮಲ್ಲಿ ಎಷ್ಟೋ ಕ್ರೈಸ್ತ ಶಾಲೆಗಳಿಗೆ ಸರ್ಕಾರದ ಅನುದಾನ ಇದೆ, ಮೇಷ್ಟ್ರ ಸಂಬಳ ಖಜಾನೆಯಿಂದ ಬರುತ್ತದೆ. ಕ್ಯಾಲಿಫೋರ್ನಿಯಾದ ಸಂವಿಧಾನ ಧರ್ಮದ ಶಾಲೆಗೆ ಸರ್ಕಾರದ ದುಡ್ಡು ಹೋಗಬಾರದು ಅನ್ನುತ್ತದೆ. ಹಾಗಾಗಿ ಫೀಸು ಮತ್ತು ದಾನದ ಮೇಲೇ ಎಲ್ಲ ನಡೆಯಬೇಕು. ಹಳೇ ವಿದ್ಯಾರ್ಥಿಗಳು ಕೊಡುತ್ತಾರೆ, ಕೈಲಾಗದ ಮನೆಯ ಹುಡುಗರಿಗೆ ಸಹಾಯಧನವೂ ಇದೆ. ಕ್ಯಾಥೊಲಿಕ್ ಅಲ್ಲದವರೂ ಸೇರಬಹುದು. ಆದರೆ ಧರ್ಮದ ಪಾಠ ಎಲ್ಲರಿಗೂ ಕಡ್ಡಾಯ. ದೇವರು ಇಲ್ಲೇ ಇದ್ದಾನೆ ಅಂತ ನೆನೆದುಕೊಂಡೇ ಪಾಠ ಶುರು, ಗಣಿತವಾದರೂ ಅಷ್ಟೇ. ಗಣಿತಕ್ಕೆ ಆ ನೆನಪು ಬೇಕೇ ಬೇಕು ಅನ್ನುವುದು ನನ್ನ ಅನುಭವ ಕೂಡ.

ಈಗ ಫುಟ್‌ಬಾಲಿಗೆ ಬರೋಣ. ನಾವು ಆಡುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಮೆರಿಕದ ಫುಟ್‌ಬಾಲು. ನನ್ನ ಗಂಡ ನನಗೆ ಇದನ್ನು ಹೇಳಿಕೊಟ್ಟಿದ್ದು ಕಬಡ್ಡಿ ಇಟ್ಟುಕೊಂಡು. ಹನ್ನೊಂದು ಜನ, ಹತ್ತು ಗಜ ಮುಂದೆ ಹೋಗೋಕೆ ನಾಲ್ಕು ಅವಕಾಶ. ಡಿ ಲಾ ಸಾಲ್‌ನವರು ವರ್ಷಗಟ್ಟಲೆ ಆಡಿದ್ದು 'ವಿಯರ್' ಅನ್ನುವ ಹಳೇ ಪಟ್ಟು. ಚೆಂಡು ಹಿಡಿದ ಹುಡುಗ ಎದುರಿನ ಒಬ್ಬನನ್ನೇ ನೋಡುತ್ತಿರುತ್ತಾನೆ. ಅವನು ಒಳಗೆ ಬಂದರೆ ಹೊರಗೆ ಓಟ, ಹೊರಗೆ ಸರಿದರೆ ಒಳಗೆ ಚೆಂಡು. ರೈಡಿಗೆ ಹೋದವನು ಮೂಲೆಯವನ ಕಾಲನ್ನು ನೋಡುತ್ತಾನಲ್ಲ, ಹಾಗೆ. ಇವರ ಹುಡುಗರು ಎಷ್ಟೋ ಸಲ ಎದುರಾಳಿಗಿಂತ ಗಾತ್ರದಲ್ಲಿ ಸಣ್ಣವರು. ಆದರೆ ಹನ್ನೊಂದೂ ಜನ ಒಂದೇ ಉಸಿರಿಗೆ ನೆಗೆಯುತ್ತಾರೆ. ಎದುರಿನವನು ಏಳುವ ಮುಂಚೆ ಇವನು ಅವನ ಎದೆಗೆ ತಲುಪಿರುತ್ತಾನೆ.

ಇದನ್ನೆಲ್ಲ ಕಟ್ಟಿದವರು ಬಾಬ್ ಲ್ಯಾಡಸೂರ್. 1979ರಲ್ಲಿ ಬಂದಾಗ ಅವರಿಗಿನ್ನೂ ಇಪ್ಪತ್ತೈದು ವರ್ಷ. ಅಲ್ಲಿವರೆಗೆ ಶಾಲೆಯ ಫುಟ್‌ಬಾಲ್ ತಂಡ ಒಂದೇ ಒಂದು ವರ್ಷವೂ ಸೋತದ್ದಕ್ಕಿಂತ ಹೆಚ್ಚು ಗೆದ್ದಿರಲಿಲ್ಲ. ಅವರು ತರಗತಿಯಲ್ಲಿ ಕಲಿಸುತ್ತಿದ್ದದ್ದು ಧರ್ಮದ ಪಾಠ. ಜೊತೆಗಿದ್ದ ಟೆರ್ರಿ ಐಡ್ಸನ್ ಕೂಡ ಅದೇ ಪಾಠದ ಮೇಷ್ಟ್ರು. ಬೆಳಿಗ್ಗೆ ದೇವರ ವಿಷಯ ಮಾತಾಡಿದವರೇ ಮಧ್ಯಾಹ್ನ ಬೆವರು ಇಳಿಸುತ್ತಿದ್ದರು.

1991ರ ಫೈನಲ್‌ನಲ್ಲಿ ಪಕ್ಕದೂರು ಪಿಟ್ಸ್‌ಬರ್ಗ್‌ನ ಸರ್ಕಾರಿ ಶಾಲೆ ಇವರನ್ನು ಸೋಲಿಸಿತು. ಅದಾದ ಮೇಲೆ ಇವರು ಸೋಲಲೇ ಇಲ್ಲ. 1992ರಿಂದ 2003ರವರೆಗೆ ಹನ್ನೆರಡು ಸೀಸನ್, ಒಟ್ಟು 151 ಪಂದ್ಯ. ಹಿಂದಿನ ದಾಖಲೆ ಮಿಶಿಗನ್ನಿನ ಹಡ್ಸನ್ ಅನ್ನುವ ಊರಿನದು, 72. ಅದರ ಎರಡು ಪಟ್ಟಿಗೂ ಜಾಸ್ತಿ. ಹೈಸ್ಕೂಲ್ ತಂಡ ಅಂದರೆ ಪ್ರತಿ ವರ್ಷ ಹಿರಿಯ ಹುಡುಗರು ಹೊರಟೇಬಿಡುತ್ತಾರೆ. ಮೊದಲ ಪಂದ್ಯ ಗೆದ್ದವರು ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿರುತ್ತಾರೆ. ಗೆಲುವು ಮಾತ್ರ ಇನ್ನೂ ನಡೆಯುತ್ತಿದೆ. 2001ರಲ್ಲಿ ದೇಶದ ಮೊದಲೆರಡು ಸ್ಥಾನದ ತಂಡಗಳೇ ಎದುರಾದವು. ಲಾಂಗ್ ಬೀಚ್ ಪಾಲಿ ಮೇಲೆ ಇವರು 29–15ರಲ್ಲಿ ಗೆದ್ದರು. ಆ ದಿನ ನಾಲ್ಕು ಸಲ ಚೆಂಡನ್ನು ಕೊನೇ ಗೆರೆ ದಾಟಿಸಿ ಟಚ್‌ಡೌನ್ ಮಾಡಿದ ಕುಳ್ಳ ಹುಡುಗ ಮೊರೀಸ್ ಡ್ರೂ ಮುಂದೆ ಮೊರೀಸ್ ಜೋನ್ಸ್-ಡ್ರೂ ಆಗಿ ವೃತ್ತಿಪರ ಲೀಗಿನಲ್ಲಿ ಹೆಸರು ಮಾಡಿದ.

ಆ ಗೆಲುವಿನ ಓಟ ಕೊನೆಗೊಂಡದ್ದು ದುಃಖದ ಹೊತ್ತಿನಲ್ಲಿ. 2004ರ ಆಗಸ್ಟ್ 12ರಂದು, ಆ ವರ್ಷವಷ್ಟೇ ಶಾಲೆ ಮುಗಿಸಿದ್ದ ಒಬ್ಬ ಆಟಗಾರನನ್ನು ರಿಚ್‌ಮಂಡ್ ಊರಿನ ಬೀದಿಯಲ್ಲಿ ಗುಂಡಿಟ್ಟು ಕೊಂದರು. ಹದಿನೆಂಟು ವರ್ಷ. ಎರಡು ದಿನ ಕಳೆದಿದ್ದರೆ ಸ್ಕಾಲರ್‌ಶಿಪ್ ಮೇಲೆ ಒರೆಗಾನ್ ಯೂನಿವರ್ಸಿಟಿಗೆ ಹೊರಡುತ್ತಿದ್ದ. ಹುಡುಗರು ಅಂತ್ಯಸಂಸ್ಕಾರ ಮುಗಿಸಿ ಬಂದು ಅಭ್ಯಾಸಕ್ಕೆ ನಿಂತರು. ಸೆಪ್ಟೆಂಬರ್ 4ರಂದು ಸಿಯಾಟಲ್‌ನಲ್ಲಿ ಬೆಲ್‌ವ್ಯೂ ಹೈಸ್ಕೂಲ್ ಎದುರು 39–20ರಲ್ಲಿ ಸೋತರು. ಆಮೇಲೆ ಬೇರೆ ಕಡೆಯ ತಂಡಗಳ ಕೈಲಿ ಸೋತದ್ದುಂಟು. ಆದರೆ ಉತ್ತರ ಕ್ಯಾಲಿಫೋರ್ನಿಯಾದ ತಂಡವೊಂದು ಇವರನ್ನು ಮತ್ತೆ ಸೋಲಿಸಲು 2021 ಬರಬೇಕಾಯಿತು. ಸೋಲಿಸಿದ್ದು ಮೌಂಟನ್ ವ್ಯೂನ ಸೇಂಟ್ ಫ್ರಾನ್ಸಿಸ್, ಅದೂ ಕ್ಯಾಥೊಲಿಕ್ ಶಾಲೆಯೇ. ಬೆಲ್‌ವ್ಯೂ ಮೈಕ್ರೋಸಾಫ್ಟ್ ಪಕ್ಕದ ಊರು, ಮೌಂಟನ್ ವ್ಯೂ ಗೂಗಲ್ ಊರು. ಎರಡೂ ಕಡೆ ನಮ್ಮ ಜನ ತುಂಬಿದ್ದಾರೆ, ಆದರೆ ಈ ಗೆಲುವಿನಲ್ಲಿ ನಮ್ಮ ಪಾಲು ಏನಾದರೂ ಇತ್ತು ಅಂತ ಹೇಳುವ ಧೈರ್ಯ ನನಗಿಲ್ಲ.

ಇಲ್ಲಿ ಎಲ್ಲರೂ ಈ ಶಾಲೆಯನ್ನು ಹೊಗಳುತ್ತಾರೆ ಅಂದುಕೊಳ್ಳಬೇಡಿ. ಸರ್ಕಾರಿ ಶಾಲೆ ತನ್ನ ಬಡಾವಣೆಯ ಮಕ್ಕಳನ್ನೇ ನೆಚ್ಚಿಕೊಳ್ಳಬೇಕು. ಖಾಸಗಿ ಶಾಲೆಗೆ ಆ ಗಡಿ ಇಲ್ಲ, ಇಪ್ಪತ್ತು ಮೈಲಿ ಆಚೆಯಿಂದಲೂ ಹುಡುಗ ಬರಬಹುದು. ಒಳ್ಳೆಯವರನ್ನೆಲ್ಲ ಸೆಳೆದುಕೊಂಡು ಗೆಲ್ಲುವುದು ಯಾವ ದೊಡ್ಡಸ್ತಿಕೆ ಅಂತ ಕೇಳುವವರಿದ್ದಾರೆ. ಕೇಳುವುದರಲ್ಲಿ ನ್ಯಾಯ ಇದೆ ಅಂತ ನನಗೂ ಅನ್ನಿಸುತ್ತದೆ. ತಲೆಗೆ ಪೆಟ್ಟು ಬೀಳುವ ಭಯ ಬೇರೆ. ನಮ್ಮ ಮಗ ನಡೆದುಕೊಂಡು ಹೋಗುವಷ್ಟು ಹತ್ತಿರದ ಸರ್ಕಾರಿ ಶಾಲೆಗೆ ಸೇರಿದ, ಈಜು ತಂಡದಲ್ಲಿದ್ದಾನೆ. ನನಗೆ ಸಮಾಧಾನ.

ಆದರೂ ಆ ಕಾರ್ಡು ತಲೆಯಿಂದ ಹೋಗಲಿಲ್ಲ. ಮರುದಿನ ಕುರ್ಚಿ ವಾಪಸ್ ತಂದ ಹುಡುಗನನ್ನೇ ಕೇಳಿದೆ. ಪ್ರತಿ ವಾರ ಒಬ್ಬೊಬ್ಬನೂ ಕಾರ್ಡಿನಲ್ಲಿ ಬರೆಯುತ್ತಾನಂತೆ: ಈ ವಾರ ವ್ಯಾಯಾಮದಲ್ಲಿ ಇಷ್ಟು ಮಾಡುತ್ತೇನೆ, ಅಭ್ಯಾಸದಲ್ಲಿ ಇಷ್ಟು, ಪಂದ್ಯದಲ್ಲಿ ಇಷ್ಟು. ಅದನ್ನು ಕೋಚ್‌ಗೆ ಕೊಡುವುದಿಲ್ಲ, ಅಪ್ಪನಿಗೂ ಕೊಡುವುದಿಲ್ಲ. ತಂಡದ ಇನ್ನೊಬ್ಬ ಹುಡುಗನ ಕೈಗೆ ಕೊಡುತ್ತಾನೆ. ಮುಂದಿನ ವಾರ ಎಲ್ಲರೆದುರು ಎದ್ದು ನಿಂತು ಮಾಡಿದೆ, ಇಲ್ಲ ಮಾಡಲಿಲ್ಲ ಅಂತ ಹೇಳಬೇಕು. "ಮಾಡದಿದ್ದರೆ ಏನು ಶಿಕ್ಷೆ?" ಅಂದೆ. ನಮ್ಮ ಕಾನ್ವೆಂಟ್ ಬುದ್ಧಿ. "ಶಿಕ್ಷೆ ಇಲ್ಲ ಆಂಟಿ. ಹೇಳಬೇಕು, ಅಷ್ಟೇ" ಅಂದ. ನಮ್ಮ ಕಾಲದಲ್ಲಿ ಮಾತು ಕೊಡುತ್ತಿದ್ದದ್ದು ಅಪ್ಪನಿಗೆ, ಇಲ್ಲವೇ ಪರೀಕ್ಷೆಗೆ ಮುಂಚೆ ಗಣಪತಿಗೆ. ಗೆಳೆಯರಿಗೆ ಮಾತು ಕೊಟ್ಟದ್ದು ನೆನಪೇ ಇಲ್ಲ. ಕೊಟ್ಟಿದ್ದರೆ ಅದು ಸಿನಿಮಾಗೆ ಬರ್ತೀನಿ ಅನ್ನುವುದಕ್ಕೆ ಮಾತ್ರ.

ಆ ಶುಕ್ರವಾರ ನಾವೂ ಹೋದೆವು. ಪಾಪ್‌ಕಾರ್ನ್, ಬ್ಯಾಂಡು, ಎಲ್ಲೆಲ್ಲೂ ಹಸಿರು–ಬೆಳ್ಳಿ ಬಣ್ಣ. ತಂಡ ಬರುವಾಗ ಕುಣಿತ, ಹೊಗೆ, ಕೂಗಾಟ ಇರುತ್ತದೆ ಅಂದುಕೊಂಡಿದ್ದೆ. ಅವರು ಇಬ್ಬಿಬ್ಬರಾಗಿ ಕೈ ಕೈ ಹಿಡಿದು ನಡೆದು ಬಂದರು, ಅಷ್ಟೇ. ನಮ್ಮೂರಲ್ಲಿ ಗೆಳೆಯರು ಕೈ ಹಿಡಿದು ಬಸ್ ಸ್ಟ್ಯಾಂಡ್ ತನಕ ಹೋಗುವುದು ಮಾಮೂಲು. ಇಲ್ಲಿ ಇಪ್ಪತ್ತು ವರ್ಷದಲ್ಲಿ ಹದಿನೇಳರ ಗಂಡು ಹುಡುಗರು ಎಲ್ಲರೆದುರು ಹಾಗೆ ನಡೆದದ್ದನ್ನು ನಾನು ನೋಡಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡ ಮೇಲೆ ಯಾವುದು ನಮ್ಮ ಪಕ್ಕದ ಮನೆ ಹುಡುಗ ಅಂತಲೂ ಗೊತ್ತಾಗಲಿಲ್ಲ. ಗೊತ್ತಾದವರ ಹಾಗೆ ಚಪ್ಪಾಳೆ ತಟ್ಟಿದೆವು.

ಭಾನುವಾರ ಮೈಸೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಲೆಕ್ಕಕ್ಕಿಲ್ಲ. "ಕ್ಯಾಥೊಲಿಕ್ ಶಾಲೆ ಅಂದರೆ ಬೆಂಗಳೂರಿನ ಸೇಂಟ್ ಜೋಸೆಫ್ಸು. ದ್ರಾವಿಡ್ ಅಲ್ಲೇ ಓದಿದ್ದು" ಅಂದರು. 151ಕ್ಕೆ ಹೂಂಗುಟ್ಟಿದರು. ಕೋಚ್ ಏನಾದರು ಅಂತ ಕೇಳಿದರು. 2013ರ ಜನವರಿಯಲ್ಲಿ ಬಿಟ್ಟರು, ಒಟ್ಟು 399 ಗೆಲುವು, 25 ಸೋಲು, 3 ಸಮ ಅಂದೆ.

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

"ಮುನ್ನೂರ ತೊಂಬತ್ತೊಂಬತ್ತಾ?" ಅಂದರು ಅಪ್ಪ. "ಇನ್ನೊಂದು ಆಡಿಸಬಾರದಾಗಿತ್ತೇನಮ್ಮಾ?"