ಧ್ವನಿಮುದ್ರಣಕ್ಕೆ ಅಂಕವಿಲ್ಲ: ಜಾನಪದದವರು ವಿಶ್ವವಿದ್ಯಾಲಯ ಸೇರುವಾಗ

ವರ್ಷಗಟ್ಟಲೆ ನೀಲಗಾರರೆಂಬ ಹಾಡುಗಾರರ ಹಿಂದೆ ತಿರುಗಿ, ಅವರು ಹಾಡುವ ಜನಪದ ಮಹಾಕಾವ್ಯವಾದ ಮಂಟೇಸ್ವಾಮಿ ಕಾವ್ಯವನ್ನು ನೂರಾರು ಗಂಟೆ ಧ್ವನಿಮುದ್ರಿಸಿಕೊಂಡಿದ್ದರೂ, ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯಗಳಿಗೆ ಹೇಳಿದ 100 ಅಂಕದಲ್ಲಿ ಪಿಎಚ್.ಡಿ.ಗೆ 30, ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ಗೆ 5 (ಜತೆಗೆ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಇದ್ದರೆ 7), ಪ್ರಕಟಿತ ಲೇಖನ ಒಂದಕ್ಕೆ 2ರಂತೆ ಹೆಚ್ಚೆಂದರೆ 10. ಹಾಗಾಗಿ ಆ ಹತ್ತೂ ಬೇಕಾದರೆ ಧ್ವನಿಮುದ್ರಿಸಿದ್ದರ ಮೇಲೆ ಐದು ಲೇಖನಗಳಾದರೂ ಮೊದಲೇ ಅಚ್ಚಾಗಿರಬೇಕು. ಈ ಅಂಕ ಸಂದರ್ಶನದ ಬಾಗಿಲವರೆಗೆ ಮಾತ್ರ. ಒಳಗೆ ಹೋದಮೇಲೆ ಕ್ಷೇತ್ರಕಾರ್ಯವೇ ಮಾತಾಡುತ್ತದೆ.

ನೆಟ್‌ನಲ್ಲಿ ಜಾನಪದ ಸಾಹಿತ್ಯ ಬೇರೆಯೇ ವಿಷಯ, ಕನ್ನಡ ಬೇರೆ. ಅಧಿಸೂಚನೆಯಲ್ಲಿ ‘ಸಂಬಂಧಿತ ವಿಷಯ’ ಎಂದರೆ ಯಾವುದೆಂದು ನೋಡದೆ ಅರ್ಜಿ ಹಾಕಿದವರು ಪರಿಶೀಲನೆಯಲ್ಲೇ ಉದುರಿಹೋಗುತ್ತಾರೆ.

ಸೇರಿದಮೇಲಿನ ಕಷ್ಟ ಪಂಚಾಂಗದ್ದು. ವಾರಕ್ಕೆ 16 ಗಂಟೆ ಪಾಠ. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆ ಬನದ ಹುಣ್ಣಿಮೆಗೆ, ಮೈಲಾರದ ಕಾರಣಿಕ ಭಾರತ ಹುಣ್ಣಿಮೆಯ ಆಸುಪಾಸು, ಮಾದಪ್ಪನ ಬೆಟ್ಟದಲ್ಲಿ ಶಿವರಾತ್ರಿ: ಎಲ್ಲವೂ ತರಗತಿ ನಡೆಯುವ ತಿಂಗಳುಗಳಲ್ಲೇ. ರಜೆಯಲ್ಲಿ ಹೋದರಾಯಿತು ಎಂದುಕೊಂಡರೆ, ತುಳುನಾಡಿನಲ್ಲಿ ಮೇ ಕೊನೆಯ ಪತ್ತನಾಜೆಯ ದಿನಕ್ಕೆ ದೈವಗಳ ಕೋಲ ನಿಂತರೆ ಮತ್ತೆ ದೀಪಾವಳಿಯ ನಂತರವೇ. ಆದ್ದರಿಂದ ವೇಳಾಪಟ್ಟಿಯ ಸಭೆಯಲ್ಲೇ ಪಾಠಗಳನ್ನು ಸೋಮವಾರದಿಂದ ಗುರುವಾರದೊಳಗೆ ಕೇಳಿಕೊಳ್ಳಿ, ವಾರದ ಕೊನೆ ಕ್ಷೇತ್ರಕಾರ್ಯಕ್ಕೆ ಸಿಗುತ್ತದೆ. ಆಮೇಲೆ ಕೇಳಿದರೆ ಯಾರೂ ಬಿಟ್ಟುಕೊಡುವುದಿಲ್ಲ. ವಿದ್ಯಾರ್ಥಿಗಳನ್ನು ಕರೆದೊಯ್ಯುವುದಾದರೆ ಮೂರು ನಾಲ್ಕು ಜನ ಸಾಕು. ಬಸ್ಸು ತುಂಬ ಹೋದರೆ ಹಾಡುಗಾರ ವೇದಿಕೆಗೆ ಹಾಡುವಂತೆ ಹಾಡುತ್ತಾನೆ, ಕಥೆ ಮೊಟಕಾಗುತ್ತದೆ.

ಧ್ವನಿಮುದ್ರಣ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತದಲ್ಲಿರಲಿ. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 1 ಜಿಬಿ. ಎರಡು ಡ್ರೈವ್‌ಗಳಲ್ಲಿ ಇಡಿ, ಒಂದು ಮನೆಯಲ್ಲಿ. ವಿಭಾಗದ ಕಂಪ್ಯೂಟರನ್ನೇ ನಂಬಬೇಡಿ. ಹಾಡಿದವರ ಹೆಸರು, ಊರು, ತಾರೀಖು, ಯಾರಿಂದ ಕಲಿತದ್ದು ಎಂಬುದನ್ನು ಮೊದಲ ನಿಮಿಷದಲ್ಲಿ ಅವರ ಬಾಯಿಂದಲೇ ಹೇಳಿಸಿ ಮುದ್ರಿಸಿಕೊಂಡರೆ ಚೀಟಿ ಕಳೆದರೂ ಚಿಂತೆಯಿಲ್ಲ. ಗಂಟೆಯ ಹಾಡನ್ನು ಬರಹಕ್ಕಿಳಿಸಲು ಕಡಿಮೆಯೆಂದರೂ ಆರೇಳು ಗಂಟೆ ಬೇಕು, ತಂಬೂರಿ ಗಗ್ಗರಗಳ ಸದ್ದಿನಲ್ಲಿ ಸೊಲ್ಲು ಮುಳುಗಿದ್ದರೆ ಇನ್ನೂ ಹೆಚ್ಚು. ಬರೆದಮೇಲೆ ಮೂವರು ಹಾಡಿದ ಬೇರೆ ಬೇರೆ ಪಾಠ ಬೆಸೆದು ‘ಸಮಗ್ರ’ ಕಾವ್ಯ ಮಾಡುವ ಹಳೆಯ ಚಾಳಿ ಬೇಡ. ಹಾಗೆ ಹೊಲಿದ ಪಠ್ಯವನ್ನು ಯಾವ ನೀಲಗಾರನೂ ಹಾಡಿರುವುದಿಲ್ಲ.