ಹತ್ತನೇ ಕ್ಲಾಸಿಗೆ ಮೊದಲೇ ಕೆಲಸ ತೋರಿಸಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ, ಸೈನ್ಸಾ ಕಾಮರ್ಸಾ ಅಂತ. ಐಟಿಐನಲ್ಲಿ 2 ವರ್ಷ ಫಿಟ್ಟರ್ ಕೆಲಸ, ಅಂದ್ರೆ ಯಂತ್ರದ ಭಾಗಗಳನ್ನ ಜೋಡಿಸೋ ಕೆಲಸ ಕಲಿಯಬಹುದು, 3 ವರ್ಷದ ಡಿಪ್ಲೊಮಾ ಮುಗಿಸಿದರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ನೇರವಾಗಿ ಸೇರಬಹುದು ಅನ್ನೋದನ್ನ ಎಷ್ಟೋ ಮಕ್ಕಳಿಗೆ ಯಾರೂ ಹೇಳಿರುವುದೇ ಇಲ್ಲ.

ಪಕ್ಕದ ಮನೆ ಹುಡುಗಿ ರಜೆಯಲ್ಲಿ ಚಿಕ್ಕಪ್ಪನ ಲೇತ್ (ಲೋಹ ಕಡೆಯುವ ಮೆಷಿನ್) ವರ್ಕ್‌ಶಾಪಿಗೆ ಹೋಗುತ್ತಿದ್ದಳು. ಮೆಷಿನ್ ಮುಟ್ಟಲು ಬಿಡಲಿಲ್ಲ, ವರ್ನಿಯರ್ ಅನ್ನೋ ಸೂಕ್ಷ್ಮ ಅಳತೆಯ ಸಾಧನ ಹಿಡಿದು ಪೀಸ್‌ಗಳ ಅಳತೆ ಬರೆಯೋದಷ್ಟೇ ಕೆಲಸ. ಕ್ಲಾಸಿನಲ್ಲಿ ತಲೆಗೆ ಹೋಗದ ದಶಮಾಂಶ ಅಲ್ಲಿ ಸಲೀಸಾಗಿ ಹತ್ತಿತು!

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯವರಿಗೆ ಬ್ಯಾಗ್ ಇಲ್ಲದ 10 ದಿನ ಇದೆ, ಬಡಗಿ, ಕುಂಬಾರರ ಹತ್ತಿರ ಕಲಿಯಲಿ ಅಂತ. ಒಳ್ಳೆಯದೇ. ಆದರೆ ದಾರಿ ಆರಿಸುವ ವಯಸ್ಸು ಅದಲ್ಲ, ಅಲ್ವಾ? ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ಒಂದು ವಾರ ಬ್ಯಾಂಕು, ಗ್ಯಾರೇಜು, ಗಿಡದ ನರ್ಸರಿಗೆ ಕಳಿಸಲು ಶಾಲೆಗಳು ಮನಸ್ಸು ಮಾಡಬೇಕು.