ಪ್ರಸಂಗದ ಕರೆ ಇದೆ ಅನ್ನಿಸಿದವರಿಗೆ

ಚರ್ಚಿನಲ್ಲಿ ಪ್ರಸಂಗ ಮಾಡಲು, ಅಂದರೆ ದೇವರ ವಾಕ್ಯ ಬೋಧಿಸಲು, ದೇವರೇ ಕರೆದಿದ್ದಾನೆ ಅನ್ನಿಸಿದವರಿಗೆ ಈ ಮಾತು. ಕನ್ವೆನ್ಷನ್ನಿನ (ಕೆಲವು ರಾತ್ರಿ ನಡೆಯುವ ದೊಡ್ಡ ಕ್ರೈಸ್ತ ಕೂಟದ) ಕೊನೆಯ ರಾತ್ರಿ, "ಸೇವೆಗೆ ಒಪ್ಪಿಸಿಕೊಡುವವರು ಮುಂದೆ ಬನ್ನಿ" ಅಂದಾಗ ಎದ್ದು ಹೋಗುವವರು ನಮ್ಮ ಬಳ್ಳಾರಿ, ರಾಯಚೂರು ಕಡೆ ಪ್ರತಿವರ್ಷ ಇದ್ದೇ ಇರುತ್ತಾರೆ. ಆ ಕಣ್ಣೀರು ಸುಳ್ಳಲ್ಲ. ಆದರೆ ಅದೊಂದನ್ನೇ ನಂಬಿ ಕೆಲಸ ಬಿಡಬೇಡಿ, ಬೈಬಲ್ ಕಾಲೇಜಿಗೆ ಅರ್ಜಿಯನ್ನೂ ಹಾಕಬೇಡಿ.

ದೇವರು ಸಮುವೇಲನನ್ನು ಕರೆದಾಗ ಆ ದನಿ ಯಾರದೆಂದು ಹುಡುಗನಿಗೆ ತಿಳಿಯಲಿಲ್ಲ. ಅವನು ಮೂರನೇ ಸಲ ಎದ್ದು ಬಂದಾಗ ಅದು ದೇವರ ಕರೆಯೆಂದು ಯಾಜಕ ಏಲಿಗೆ ಹೊಳೆಯಿತು (1 ಸಮುವೇಲ 3). ಅಂತಿಯೋಕ್ಯದ ಸಭೆ, ಅಂದರೆ ಅಲ್ಲಿನ ವಿಶ್ವಾಸಿಗಳ ಸಮುದಾಯ, ಉಪವಾಸವಿದ್ದು, ಪ್ರಾರ್ಥಿಸಿ, ಬಾರ್ನಬ, ಸೌಲ (ಮುಂದೆ ಪೌಲ) ಇವರ ಮೇಲೆ ಕೈಯಿಟ್ಟು ಕಳಿಸಿತು (ಅಪೊಸ್ತಲರ ಕೃತ್ಯಗಳು 13). ಒಳಗಿನ ಕರೆಯನ್ನು ಹೊರಗಿನವರು ಗುರುತಿಸಲೇಬೇಕು. ಆದ್ದರಿಂದ ಮೊದಲು ಸಭಾಪಾಲಕರಿಗೆ (ಪಾಸ್ಟರಿಗೆ) ಹೇಳಿ, ಆಮೇಲೆ ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಒಬ್ಬ ಹಿರಿಯರಿಗೆ. ಮದುವೆಯಾಗಿದ್ದರೆ ಇವರಿಬ್ಬರಿಗಿಂತ ಮುಂಚೆ ಮನೆಯಾಕೆಗೆ. 1 ತಿಮೊಥೆಯ 3ನೇ ಅಧ್ಯಾಯ ಸಭೆಯ ಮೇಲ್ವಿಚಾರಕನಲ್ಲಿ ಕೇಳುವ ಗುಣಗಳಲ್ಲಿ ಬಹುಪಾಲು ನಡತೆಯವು, ಮನೆ ನಡೆಸುವ ರೀತಿಯವು. ಬೋಧಿಸುವ ಸಾಮರ್ಥ್ಯ ಅವುಗಳಲ್ಲಿ ಒಂದು ಮಾತ್ರ. ಹೊಸದಾಗಿ ನಂಬಿದವನನ್ನು ನೇಮಿಸಬೇಡಿ ಎಂಬ ಎಚ್ಚರಿಕೆಯೂ ಅಲ್ಲೇ ಇದೆ.

ಇನ್ನು ಅಭ್ಯಾಸ. ಭಾನುವಾರದ ಪುಲ್ಪಿಟ್ ಕೇಳಬೇಡಿ, ಮನೆಕೂಟ ಕೇಳಿ. ಹತ್ತು ನಿಮಿಷ, ಒಂದೇ ವಾಕ್ಯಭಾಗ. ಸೋಮವಾರದಿಂದ ದಿನಕ್ಕೊಮ್ಮೆ ಅದನ್ನು ಗಟ್ಟಿಯಾಗಿ ಓದಿ. ಗುರುವಾರದೊಳಗೆ "ಈ ಭಾಗ ಹೇಳುವುದು ಇಷ್ಟು" ಎಂದು ಒಂದೇ ಸಾಲಿನಲ್ಲಿ ಬರೆಯಲು ಆಗದಿದ್ದರೆ ತಯಾರಿ ಇನ್ನೂ ಆಗಿಲ್ಲ ಎಂದೇ ಅರ್ಥ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ: ಒಂದು ವಚನ ಓದಿ, ಅದನ್ನು ಅಲ್ಲೇ ಬಿಟ್ಟು ಸಾಕ್ಷಿ (ತಮ್ಮ ಅನುಭವ) ಹೇಳಲು ಶುರುಮಾಡುತ್ತಾರೆ, ಇಲ್ಲವೇ ಇಪ್ಪತ್ತು ವಚನ ತಿರುಗಿಸಿ ಯಾವುದನ್ನೂ ಬಿಡಿಸುವುದಿಲ್ಲ. ಯೂಟ್ಯೂಬ್ ಬೋಧಕರ ಏರುದನಿಯನ್ನು ಎರವಲು ತರುವುದೂ ಉಂಟು. ಸ್ಪೀಕರ್ ಸೆಟ್ಟಿನ ಎಕೋ ಪೂರ್ತಿ ಇಳಿಸಿ ಮಾತಾಡಿ ನೋಡಿ. ಮಾತಿನಲ್ಲಿ ಹುರುಳೆಷ್ಟಿದೆ ಎಂದು ಆಗ ನಿಮಗೇ ಕೇಳಿಸುತ್ತದೆ.

ಮುಗಿದ ಮೇಲೆ "ಹೆಂಗಿತ್ತು?" ಅಂತ ಕೇಳಬೇಡಿ, ಎಲ್ಲರೂ "ಚಲೋ ಇತ್ರಿ" ಅಂತಾರೆ. "ಇವತ್ತಿನ ಭಾಗ ಏನು ಹೇಳ್ತು?" ಅಂತ ಮೂವರನ್ನು ಬೇರೆ ಬೇರೆಯಾಗಿ ಕೇಳಿ. ಮೂರು ತರಹದ ಉತ್ತರ ಬಂದರೆ ಪ್ರಸಂಗಕ್ಕೆ ಗುರಿ ಇರಲಿಲ್ಲ.

ಸಿಂಧನೂರು, ಗಂಗಾವತಿ ಕಡೆ ತೆಲುಗು ರೈತರು ನೆಲೆಸಿದ ಕ್ಯಾಂಪುಗಳಲ್ಲಿ ತೆಲುಗು ಅನುವಾದಕರು ಜೊತೆಗೆ ನಿಲ್ಲಬೇಕಾಗಬಹುದು. ಆಗ ಇಪ್ಪತ್ತು ನಿಮಿಷದಲ್ಲಿ ನಿಮಗೆ ಸಿಗುವುದು ಹತ್ತೇ. ವಚನಗಳ ಪಟ್ಟಿಯನ್ನು ಅವರಿಗೆ ಹಿಂದಿನ ದಿನವೇ ಕೊಡಿ, ವಾಕ್ಯ ಚಿಕ್ಕದಾಗಿರಲಿ, ಅವರು ಮುಗಿಸುವ ಮುಂಚೆ ಬಾಯಿ ತೆರೆಯಬೇಡಿ. ನಾಟಿಯ ದಿನಗಳಲ್ಲಿ ರಾತ್ರಿ ಕೂಟಕ್ಕೆ ಬರುವವರು ಬೆಳಗಿನಿಂದ ಕೆಸರಲ್ಲಿ ಬಗ್ಗಿ ಬಂದವರು. ಅವರ ತೂಕಡಿಕೆಯನ್ನು ಆತ್ಮಿಕ ಮಂಪರು ಅಂತ ಗದರಿಸುವವನಿಗೆ ಜನರ ಮೇಲೆ ಪ್ರೀತಿ ಇನ್ನೂ ಹುಟ್ಟಿಲ್ಲ. ಭಾಷೆಯ ವಿಷಯಕ್ಕೂ ಇದೇ ಮಾತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ ಅನುವಾದಕ್ಕೇ ಕೂತರು. ಇಲ್ಲೇ ಹುಟ್ಟಿದ ನಾವು ಅರ್ಧ ಇಂಗ್ಲಿಷಿನಲ್ಲಿ ಪ್ರಸಂಗ ಮಾಡುವುದು ನನಗೆ ನೋವಿನ ವಿಷಯ.

ಹೀಗೆ ಒಂದು ವರ್ಷ ನಡೆದ ಮೇಲೂ ಆಸೆ ಕುಂದದೆ, ಸಭೆ ತಾನಾಗಿ "ಇನ್ನೊಮ್ಮೆ ಬನ್ನಿ" ಅನ್ನುತ್ತಿದ್ದರೆ ದಾರಿ ಯಾವುದೆಂದು ನೋಡಬಹುದು. ಕರೆ ಅಂದರೆ ಪೂರ್ಣಾವಧಿ ಸೇವೆಯೇ ಅಲ್ಲ. ಪೌಲ ಗುಡಾರ ಹೊಲಿಯುತ್ತಲೇ ಸಾರಿದ. ಮೆಥೋಡಿಸ್ಟ್ ಸಭೆಯಲ್ಲಿ ಲೋಕಲ್ ಪ್ರೀಚರ್ (ದೀಕ್ಷೆಯಿಲ್ಲದ ಬೋಧಕ) ಆಗಬಹುದು. ಕಥೋಲಿಕರಲ್ಲಿ ಬಲಿಪೂಜೆಯ ಪ್ರಬೋಧನೆ ಗುರುಗಳಿಗೆ ಮತ್ತು ಡೀಕನ್ನರಿಗೆ ಮೀಸಲು. ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಮಹಿಳೆಯರಿಗೂ ಸಭಾಪಾಲಕರ ದೀಕ್ಷೆ ಉಂಟು. ಸಭಾಪಾಲಕರಾಗಲು ಸೆರಾಂಪುರ ಸೆನೆಟ್ಟಿನ ಬಿ.ಡಿ. (ದೇವಶಾಸ್ತ್ರದ ಪದವಿ) ಓದಬೇಕೆಂದರೆ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ. ಸಭೆಯ ಶಿಫಾರಸು ಮೊದಲು, ಅರ್ಜಿ ಆಮೇಲೆ. ಕೈಸಾಲ ಇದ್ದರೆ ಹೊರಡುವ ಮುಂಚೆ ತೀರಿಸಿ. ಓದುವ ಕಾಲದಲ್ಲಿ ದುಡಿಮೆ ಇರುವುದಿಲ್ಲ, ಸಾಲಗಾರರು ಬಂದು ನಿಲ್ಲುವುದು ಮನೆಯವರ ಎದುರಿಗೆ.

ಸಭೆ "ಬೇಡ" ಅಂದರೆ ಕಾರಣ ಬಿಡಿಸಿ ಕೇಳಿ. ತಯಾರಿಯ ಕೊರತೆಯಾದರೆ ಮತ್ತೊಂದು ವರ್ಷ ಮನೆಕೂಟದಲ್ಲೇ ಮುಂದುವರಿಯಿರಿ. ನಡತೆಯ ಮಾತಾದರೆ ಅದು ಸರಿಯಾಗುವ ತನಕ ಮೈಕ್ ಮುಟ್ಟಬೇಡಿ. ಬೇರೊಂದು ಸಭೆ ಹುಡುಕಿಕೊಂಡು ಹೋಗಿ ಅಲ್ಲಿ ನಿಲ್ಲಲೂಬೇಡಿ.